ತಾವು ಸೋಲಿಸಿದವರಿಗೆ ಜೈ ಅನ್ನುವ ಊರು

ವಿಮಾನ ಬೀಳಬಹುದಿತ್ತು. ಬೀಳದಿದ್ದರೂ ಅದರ ಸಂಡಾಸದ ಬಾಗಿಲು ಸಿಕ್ಕಿಕೊಂಡು ನಾನು ಅಟ್ಲಾಂಟಿಕ್ ಸಮುದ್ರವನ್ನು ಒಳಗೆ ನಿಂತೇ ದಾಟಬೇಕಾಗಬಹುದಿತ್ತು. ಅಷ್ಟು ದೂರ ಯಾಕೆ, ದಾಂಡೇಲಿಯ ಗಾಡಿ ಎಂದಿನಂತೆ ಮೈಮುರಿದುಕೊಂಡು ಹೊರಟು ಅಳ್ನಾವರದಲ್ಲೇ ಮುಂದಿನ ಗಾಡಿ ತಪ್ಪಬಹುದಿತ್ತು. ಪಾಸ್‌ಪೋರ್ಟಿನ ಫೋಟೋದಲ್ಲಿ ನನ್ನ ಕಿವಿಗಳು ಬೇರೆ ಯಾರದೋ ತಲೆಯಿಂದ ಕಡ ತಂದವುಗಳ ಹಾಗೆ ಬಂದಿದ್ದವು. ಈ ಕಿವಿಯವನು ನೀನಲ್ಲ ಎಂದು ತಿರುಗಿ ಕಳಿಸಬಹುದಿತ್ತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ನೋಡಿ ಸುಂಕದವರು ‘ಒಳಗೇನಿದೆ, ಬಿಚ್ಚು’ ಅನ್ನಬಹುದಿತ್ತು. ಇಷ್ಟಲಿಂಗ ಎಂದರೇನು ಅನ್ನುವುದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಆ ವಾಕ್ಯ ಅರ್ಧಕ್ಕೆ ಮರೆತುಹೋಗಬಹುದಿತ್ತು. ತಟ್ಟೆಯಲ್ಲಿ ಏನು ಬಂದು ಬೀಳುತ್ತದೋ ಶಿವನೇ ಬಲ್ಲ. ಥಂಡಿಗೆ ಮೂಗು ಉದುರಬಹುದಿತ್ತು. ಹಾಗೆ ಉದುರಿದವರನ್ನು ಕಣ್ಣಾರೆ ಕಂಡವರಂತೆ ದಾಂಡೇಲಿಯ ಬಂಗೂರನಗರದ ಕಟಿಂಗ್ ಅಂಗಡಿಯಲ್ಲಿ ಒಬ್ಬರು ವರ್ಣಿಸಿದ್ದರು, ಅವರು ಹುಬ್ಬಳ್ಳಿ ದಾಟಿದವರಲ್ಲ. ಎಲ್ಲಕ್ಕೂ ದೊಡ್ಡ ಭಯ ಇನ್ನೊಂದಿತ್ತು. ನಾನಿಲ್ಲದ ಒಂದು ಚಳಿಗಾಲ ಮಿಲ್ಲಿನಲ್ಲಿ ಎಲ್ಲ ಸುಸೂತ್ರ ನಡೆದುಬಿಟ್ಟರೆ?

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಸಣ್ಣದು. ಅದು ಬರುವ ಹೊತ್ತಿಗೆ ಬರುತ್ತದೆ.

ಅಳ್ನಾವರದಿಂದ ಆಕಾಶಕ್ಕೆ

ನಮ್ಮ ಕಾಗದದ ಮಿಲ್ಲಿಗೆ ಹೊಸ ಯಂತ್ರ ಬರುವುದಿತ್ತು. ಅಂಥದೇ ಯಂತ್ರ ಓಡುತ್ತಿರುವ ಅಮೆರಿಕದ ಒಂದು ಊರಿಗೆ ಇಬ್ಬರನ್ನು ಕಲಿಯಲು ಕಳಿಸಿದರು. ಬಿದಿರು ಬೇಯಿಸಿ ಪಲ್ಪು ಮಾಡುವ ಕಡೆಯಿಂದ ನಾನು, ಯಂತ್ರ ಬಿಚ್ಚಿ ಜೋಡಿಸುವ ಕಡೆಯಿಂದ ರಜಾಕ್ ಸಾಹೇಬರು. ನಾನು ಹಳಿಯಾಳದವನು, ಅವರೂ ಹಳಿಯಾಳದವರೇ. ಒಂದೇ ಕೆರೆಯಲ್ಲಿ ಈಜು ಕಲಿತವರು. ಅಂದರೆ ಅವರು ಕಲಿತರು, ನಾನು ದಂಡೆಯ ಮೇಲೆ ಅವರ ಅಂಗಿ ಹಿಡಿದುಕೊಂಡು ಹೆದರುತ್ತಿದ್ದೆ.

ಮುಂಬಯಿಯಲ್ಲಿ ವಿಮಾನ ಏರಿದ ಮೇಲೆ ನಾನು ಸೊಂಟದ ಪಟ್ಟಿ ಬಿಚ್ಚಲಿಲ್ಲ. ಊಟಕ್ಕೂ ಬಿಚ್ಚಲಿಲ್ಲ. ರಜಾಕ್ ಸಾಹೇಬರು ಒಂದು ನಿದ್ದೆ ಮುಗಿಸಿ ಕಣ್ಣು ತೆರೆದು ನೋಡಿದರು.

“ಏನ್ರಿ ಈರಣ್ಣಾರ, ಇನ್ನೂ ಕಟಗೊಂಡ ಕುಂತೀರಿ?”

“ಬಿದ್ರ ಏನ್ ಮಾಡೋದ್ರಿ?”

“ಬಿದ್ರ ಪಟ್ಟಿ ಸಮೇತ ಬೀಳ್ತೀರಿ. ಅದಕ್ಕ ಯಾಕ ಹೊಟ್ಟಿ ಹಿಚುಕ್ಕೋತೀರಿ, ಬಿಚ್ರಿ ಅತ್ಲಾಗ.”

ಅಮೆರಿಕದಲ್ಲಿ ಇಳಿದಾಗ ಸುಂಕದ ಕಟ್ಟೆಯಲ್ಲಿ ನಿಂತ ಮನುಷ್ಯ ನನ್ನ ಕರಡಿಗೆಯನ್ನು ನೋಡಿದ, ಕಿವಿಯನ್ನು ನೋಡಿದ, ಠಪ್ಪೆಂದು ಮುದ್ರೆ ಒತ್ತಿದ. ಒಂದು ಮಾತೂ ಕೇಳಲಿಲ್ಲ. ಬಾಯಿಪಾಠ ಮಾಡಿದ ವಾಕ್ಯ ಗಂಟಲಲ್ಲೇ ಉಳಿಯಿತು. “ಹೇಳಿಬಿಡ್ರಿ ಅವಂಗ,” ಎಂದು ರಜಾಕ್ ಸಾಹೇಬರು ಹಿಂದಿನಿಂದ ತಿವಿದರು, “ಇಲ್ಲಾಂದ್ರ ಊರ ಮುಟ್ಟೂತನಾ ನನಗ ಹೇಳ್ತೀರಿ.” ಹೇಳಿದೆ ಕೂಡ.

ಅದೇ ವಾಸನೆ

ಆ ಊರಿನ ಹೆಸರು ನಮ್ಮಿಬ್ಬರ ನಾಲಿಗೆಗೂ ಒಗ್ಗಲಿಲ್ಲ. ‘ಅಮೆರಿಕದ ದಾಂಡೇಲಿ’ ಎಂದು ಕರೆದುಕೊಂಡೆವು. ಬಸ್ಸಿನಿಂದ ಇಳಿದದ್ದೇ ತಡ, ಮೂಗು ಉದುರುವ ಮೊದಲೇ ಅದಕ್ಕೊಂದು ಸಮಾಧಾನ ಸಿಕ್ಕಿತು. ಕೊಳೆತ ಕೋಬಿಯ, ಅಂದರೆ ಎಲೆಕೋಸಿನ, ವಾಸನೆ! ಪಲ್ಪು ಬೇಯುವ ವಾಸನೆ. ಊರಿನಲ್ಲಿ ಬೀಗರು ಬಂದಾಗ ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಅದೇ.

“ಅಬ್ಬಾ, ಮನಿಗೆ ಬಂದಂಗಾತು,” ಎಂದು ರಜಾಕ್ ಸಾಹೇಬರು ಎದೆ ತುಂಬ ಎಳೆದುಕೊಂಡರು.

ಮಿಲ್ಲಿನ ಪಕ್ಕಕ್ಕೆ ಹೊಳೆಯೂ ಇತ್ತು, ನಮ್ಮ ಕಾಳಿಯಷ್ಟೇ ಅಗಲ. ಆದರೆ ಅದು ನಿಂತುಬಿಟ್ಟಿತ್ತು. ಮೇಲೆ ಜನ ನಡೆದಾಡುತ್ತಿದ್ದರು. ಒಬ್ಬ ಹೊಳೆಯ ನಟ್ಟ ನಡುವೆ ಸ್ಟೂಲು ಹಾಕಿಕೊಂಡು ಕೂತು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದ. ನಾನು ದಂಡೆಯ ಮೇಲೆ ನಿಂತು ಕೈಮುಗಿದೆ, ಯಾರಿಗೆ ಎಂದು ತಿಳಿಯಲಿಲ್ಲ. ಕಾಳಿ ಹೀಗೆ ನಿಂತುಬಿಟ್ಟರೆ ನಮ್ಮ ಊರಲ್ಲಿ ಅರ್ಧ ಜನ ಪೂಜೆಗೆ ಬರುತ್ತಾರೆ, ಇನ್ನರ್ಧ ಜನ ಲಾರಿ ತೊಳೆಯುವುದು ಎಲ್ಲಿ ಎಂದು ಜಗಳ ತೆಗೆಯುತ್ತಾರೆ.

ನಾವಿಬ್ಬರೂ ಇಳಿದುಕೊಂಡದ್ದು ಆ ಮಿಲ್ಲಿನ ರಸಾಯನ ಪರೀಕ್ಷೆಯ ಮುಖ್ಯಸ್ಥರಾದ ವಾಲ್ಟರ್ ಅವರ ಮನೆಯಲ್ಲಿ. ನನ್ನನ್ನು ಬರೀ ವಾಲ್ಟರ್ ಅನ್ನಿ ಎಂದರು. ನನ್ನಿಂದ ಆಗಲಿಲ್ಲ, ಸಾಹೇಬರು ಎಂದೇ ಉಳಿಯಿತು. ಅವರ ಹೆಂಡತಿ ಎಡ್ನಾ. ನಾನು ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಆಯಮ್ಮ ಮೊದಲ ದಿನ ಬಟಾಟೆ ಬೇಯಿಸಿದರು. ನಾನು ಮರ್ಯಾದೆಗೆ ಬಹಳ ಚಲೋ ಆಗಿದೆ ಎಂದೆ. ಮುಂದೆ ಚಳಿಗಾಲವಿಡೀ ಬಟಾಟೆ.

ಅವರ ಇಂಗ್ಲಿಷನ್ನೆಲ್ಲ ನಾನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನಗೆ ಅರ್ಥವಾದದ್ದೂ ಹಾಗೆಯೇ.

ಊಟವಿಲ್ಲದ ಊಟದ ಮೇಜು

ಆ ಮನೆಯ ಊಟದ ಮೇಜಿನ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಎಲ್ಲರೂ ಅಡುಗೆಮನೆಯಲ್ಲಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು. ಮೇಜಿನ ಈ ತುದಿಯಿಂದ ಆ ತುದಿಗೆ ಮಿಲ್ಲಿನ ಕಂದು ಕಾಗದ ಹಾಸಿತ್ತು. ಅದರ ತುಂಬ ಅಂಕಿಗಳು. ಮೂಲೆಯಲ್ಲಿ ಹಿಡಿಕೆ ತಿರುಗಿಸುವ ಒಂದು ಲೆಕ್ಕದ ಯಂತ್ರ. ಆದಾಯ ತೆರಿಗೆಯ ಕಷ್ಟವೇನೋ ಎಂದು ಎರಡು ದಿನ ಕೇಳದೆ ಸುಮ್ಮನಿದ್ದೆ.

ತೆರಿಗೆಯಲ್ಲ, ಬ್ಯಾಸ್ಕೆಟ್‌ಬಾಲ್.

ಸುತ್ತಲಿನ ಸೀಮೆಯ ಸಣ್ಣ ಕಾಲೇಜುಗಳೆಲ್ಲ ಚಳಿಗಾಲವಿಡೀ ಒಬ್ಬರ ಊರಿಗೊಬ್ಬರು ಹೋಗಿ ಆಡುತ್ತವೆ. ಕೊನೆಗೆ ಎಂಟು ತಂಡಗಳನ್ನು ಮಾತ್ರ ದೊಡ್ಡ ಪಂದ್ಯಾವಳಿಗೆ ಕರೆಯುತ್ತಾರೆ. ಎಲ್ಲರೂ ಎಲ್ಲರ ಜೊತೆ ಆಡಿರುವುದಿಲ್ಲ. ಯಾರು ಗಟ್ಟಿ, ಯಾರು ಪೊಳ್ಳು ಎಂದು ತಿಳಿಯುವುದು ಹೇಗೆ? ವಾಲ್ಟರ್ ಸಾಹೇಬರು ಪ್ರತಿ ವಾರ ಯಾರು ಮೇಲೆ, ಯಾರು ಕೆಳಗೆ ಎಂದು ಒಂದು ಸಾಲು ಕಟ್ಟಿ ಪತ್ರಿಕೆಗೆ ಕೊಡುತ್ತಿದ್ದರು. ಕರೆಯುವ ಸಮಿತಿಯವರು ಅದನ್ನೇ ನೋಡಿ ಕರೆಯುತ್ತಿದ್ದರು. ಅವರಿಗೆ ಇವರ ಲೆಕ್ಕದ ಮೇಲೆ ಅಷ್ಟು ನಂಬಿಕೆ.

ಆ ಊರಿನ ಕಾಲೇಜನ್ನು ಆ ಪಂದ್ಯಾವಳಿಗೆ ಒಮ್ಮೆಯೂ ಕರೆದಿರಲಿಲ್ಲ. ಈ ವರ್ಷ ಅದು ಎಂಟು, ಒಂಬತ್ತರ ನಡುವೆ ತೂಗುತ್ತಿತ್ತು. ಹುಡುಗರಿಗೆ ಆಟ ಕಲಿಸುವ ಫ್ರ್ಯಾಂಕ್ ಎಂಬವರು ವಾಲ್ಟರ್ ಸಾಹೇಬರ ಪಕ್ಕದ ಮನೆಯವರು, ಕಾಲೇಜಿನಲ್ಲಿ ಒಟ್ಟಿಗೆ ಆಡಿದ ಗೆಳೆಯರು. ಇದೇ ಬೇಸಿಗೆಗೆ ಕೆಲಸ ಬಿಡುವವರಿದ್ದರು. ಅಂದರೆ ಇದೇ ಕೊನೆಯ ಸಲ. ಇಬ್ಬರೂ ಬೆಳಿಗ್ಗೆ ಬೇಲಿಯ ಆಚೆ ಈಚೆ ನಿಂತು ಬಾಗಿಲ ಮುಂದಿನ ಹಿಮ ಗೋರುತ್ತಿದ್ದರು. ನಾಯಿಯ ಮಾತು, ಮೊಣಕಾಲಿನ ಮಾತು, ಎಲ್ಲ ಆಗುತ್ತಿತ್ತು. ಸಾಲಿನ ಮಾತು ಮಾತ್ರ ಫ್ರ್ಯಾಂಕ್ ಎತ್ತುತ್ತಿರಲಿಲ್ಲ. ನಮ್ಮ ಕಡೆ ಆಗಿದ್ದರೆ ಅಷ್ಟೊತ್ತಿಗೆ ಒಂದು ಗೊನೆ ಬಾಳೆಹಣ್ಣು ಬೇಲಿ ದಾಟಿರುತ್ತಿತ್ತು.

ನಾನು ನಮ್ಮೂರ ಕಥೆ ಹೇಳಿದೆ. ಹುತುತು, ಅಂದರೆ ಕಬಡ್ಡಿ ಆಟದಲ್ಲಿ ನಮ್ಮ ದಾಂಡೇಲಿ ಮಿಲ್ಲಿನವರು ಮುಂಡಗೋಡದವರನ್ನು ಹೊಡೆದಿದ್ದರು. ಮುಂಡಗೋಡದವರು ಜೋಯಿಡಾದ ಕಟ್ಟಿಗೆ ಡಿಪೋದವರನ್ನು, ಜೋಯಿಡಾದವರು ಹಳಿಯಾಳದವರನ್ನು, ಹಳಿಯಾಳದವರು ತಿರುಗಿ ನಮ್ಮನ್ನೇ. ಯಾರು ದೊಡ್ಡವರು ಎಂದು ಚಹಾದ ಅಂಗಡಿಯಲ್ಲಿ ವರ್ಷಗಟ್ಟಲೆ ವಾದ ನಡೆದು, ಎರಡು ಸಂಬಂಧ ಮುರಿದು, ಒಂದು ಬೆಂಚೂ ಮುರಿದಿತ್ತು.

ವಾಲ್ಟರ್ ಸಾಹೇಬರ ಕಣ್ಣು ಅರಳಿತು. “ಎಷ್ಟೆಷ್ಟು ಅಂತರದಿಂದ?” ಎಂದರು.

ಅಂತರ ಯಾರಿಗೆ ನೆನಪಿದೆ? ಬೆಂಚು ನೆನಪಿತ್ತು.

ಆಗ ಅವರು ತಮ್ಮ ದಾರಿ ತೋರಿಸಿದರು. “ಮೊದಲು ಎಲ್ಲರೂ ಸರಿಸಮ ಎಂದು ಹಿಡಿ. ಯಾರು ಯಾರನ್ನು ಎಷ್ಟರಿಂದ ಸೋಲಿಸಿದರು ಎಂಬುದರಿಂದ ಒಬ್ಬೊಬ್ಬರಿಗೂ ಒಂದು ಬೆಲೆ ಬರುತ್ತದೆ. ಈಗ ಆ ಬೆಲೆ ಹಿಡಿದು ಮತ್ತೆ ನೋಡು. ಗಟ್ಟಿ ಎದುರಾಳಿಯ ಜೊತೆ ಆಡಿದವರಿಗೆ ಬೆಲೆ ಏರುತ್ತದೆ, ಮೆತ್ತನೆಯವರ ಮೇಲೆ ಗೆದ್ದು ಮೀಸೆ ತಿರುವಿದವರಿಗೆ ಇಳಿಯುತ್ತದೆ. ಬದಲಾದ ಬೆಲೆ ಹಿಡಿದು ಮತ್ತೆ ಸುತ್ತು. ಅಂಕಿಗಳು ಅಲುಗಾಡದೆ ನಿಲ್ಲುವ ತನಕ ಸುತ್ತು.”

ನನಗೆ ಮೈ ಜುಮ್ಮೆಂದಿತು. ಕಾಗದದ ಯಂತ್ರದಲ್ಲಿ ಜಾಲರಿಯಿಂದ ಸೋರಿದ ಬಿಳಿ ನೀರು ತಿರುಗಿ ಪಲ್ಪಿಗೇ ಬಂದು ಸೇರುತ್ತದೆ, ಮತ್ತೆ ಸೋರುತ್ತದೆ, ಮತ್ತೆ ಸೇರುತ್ತದೆ. ಹಾಗೆ ಸುತ್ತುತ್ತ ಸುತ್ತುತ್ತ ಹದ ಒಂದು ಕಡೆ ನಿಲ್ಲುತ್ತದೆ. ಇಪ್ಪತ್ತು ವರ್ಷ ನಾನು ಅದರ ಮುಂದೆ ನಿಂತಿದ್ದೆ. ಚಹಾದ ಅಂಗಡಿಯ ಜಗಳವನ್ನೂ ಹಾಗೇ ಸುತ್ತಿಸಿ ನಿಲ್ಲಿಸಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ರಜಾಕ್ ಸಾಹೇಬರು ಆ ಲೆಕ್ಕದ ಯಂತ್ರವನ್ನು ಮೋಹಿಸಿದರು. ಅದರ ಹಲ್ಲುಚಕ್ರಕ್ಕೆ ಎಣ್ಣೆ ಬಿಟ್ಟು, ಹಿಡಿಕೆಯ ಕಿರುಗುಟ್ಟುವಿಕೆ ನಿಲ್ಲಿಸಿ, ಅಂದಿನಿಂದ ತಿರುಗಿಸುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನಾನು ಅಂಕಿ ಓದುವವನು.

ಒಂದು ವಾರ ಊರಿನ ಕಾಲೇಜು ಒಂಬತ್ತಕ್ಕೆ ಇಳಿಯಿತು. ಉಂಡ ಮನೆಯ ಋಣ ಎಂಬುದೊಂದಿದೆಯಲ್ಲ. ನಾನು ಗಂಟಲು ಸರಿ ಮಾಡಿಕೊಂಡು, “ಸಾಹೇಬರೇ, ಒಂಚೂರು ಅಡ್ಜಸ್ಟ್ ಮಾಡಬಹುದಲ್ಲ?” ಎಂದೆ. ಮೂವರು ಕೂರುವ ಬಸ್ಸಿನ ಸೀಟಿನಲ್ಲಿ ನಾಲ್ಕನೆಯವನು ಹೇಳುವ ದನಿಯಲ್ಲೇ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಪೆನ್ಸಿಲನ್ನು ನನ್ನ ಕೈಗೇ ಕೊಟ್ಟರು. “ನೀನೇ ಮಾಡು. ಸುರುವಿನಲ್ಲಿ ನಮ್ಮ ಕಾಲೇಜಿಗೆ ನೂರು ಹೆಚ್ಚು ಕೊಡು.”

“ನೂರು!”

“ಸುಳ್ಳು ಹೇಳುವುದಾದರೆ ಕೈತುಂಬ ಹೇಳು.”

ಹಾಕಿದೆ. ರಜಾಕ್ ಸಾಹೇಬರು ತಿರುಗಿಸಿದರು. ಮೊದಲ ಸುತ್ತಿಗೆ ನಾನು ಕೊಟ್ಟ ನೂರು ಅವರ ಜೊತೆ ಆಡಿದವರಿಗೆಲ್ಲ ಚೂರು ಚೂರು ಹಂಚಿಹೋಯಿತು. ಎರಡನೆಯ ಸುತ್ತಿಗೆ ಆಡಿದವರ ಜೊತೆ ಆಡಿದವರಿಗೆ. ಸುತ್ತಿನ ಮೇಲೆ ಸುತ್ತು. ಕಡೆಗೆ ಅಂಕಿಗಳು ನಿಂತಾಗ ನೋಡಿದರೆ, ಎಲ್ಲ ಕಾಲೇಜುಗಳೂ ಒಂದಿಷ್ಟು ಒಂದಿಷ್ಟು ಮೇಲೇರಿದ್ದವು, ಎಲ್ಲವೂ ಅಷ್ಟಷ್ಟೇ. ಸಾಲು ಮೊದಲಿನದೇ. ಊರಿನ ಕಾಲೇಜು ಒಂಬತ್ತು.

ನಾನು ಒಬ್ಬರಿಗಾಗಿ ಹೇಳಿದ ಸುಳ್ಳು ಊರಿಗೆಲ್ಲ ಸಮವಾಗಿ ಹಂಚಿ ಹೋಗಿ ಯಾರಿಗೂ ಉಪಯೋಗಕ್ಕೆ ಬಾರದಂತಾಗಿತ್ತು. ದೇವಸ್ಥಾನದಲ್ಲೂ ನನ್ನ ಕೂದಲು ಹಾಗೆ ನಿಮಿರಿದ್ದಿಲ್ಲ.

“ಈ ಮಷಿನ್ ಭಾಳ ಖರೇ ಐತ್ರಿ,” ಎಂದರು ರಜಾಕ್ ಸಾಹೇಬರು ಮೆಲ್ಲಗೆ. “ನಮ್ಮ ಕಡೆ ಒಯ್ಯೂದು ಬ್ಯಾಡ.”

ಆಟದ ಮನೆ

ಆಟ ನಡೆಯುವುದು ಸೂರಿನ ಕೆಳಗೆ, ಮರದ ಹಲಗೆಯ ನೆಲದ ಮೇಲೆ. ಹೊರಗೆ ಹಿಮ, ಒಳಗೆ ಬೆವರು. ಒಬ್ಬೊಬ್ಬ ಹುಡುಗ ನಮ್ಮ ತಲಬಾಗಿಲಿಗಿಂತ ಎತ್ತರ. ಚೆಂಡು ನೆಲಕ್ಕೆ ಬಡಿಯುವ ಸದ್ದು ನನ್ನ ಎದೆಯೊಳಗೇ ಆಗುತ್ತಿತ್ತು. ಫ್ರ್ಯಾಂಕ್ ಒಂದು ಟವೆಲ್ಲಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದರು, ಆಟವಿಡೀ ಹಾಗೇ.

ನಡುವೆ ವಿರಾಮ ಕೊಟ್ಟಾಗ ಬೇರೆ ಊರುಗಳಲ್ಲಿ ನಡೆದ ಆಟಗಳ ಫಲಿತಾಂಶವನ್ನು ಧ್ವನಿವರ್ಧಕದಲ್ಲಿ ಓದುತ್ತಿದ್ದರು. ಒಂದು ಕಾಲೇಜಿನ ಹೆಸರು ಬಂತು, ಗೆದ್ದಿತಂತೆ. ಇಡೀ ಮನೆ ಎದ್ದು ಕೇಕೆ ಹಾಕಿತು. ನನ್ನ ಪಕ್ಕದ ಅಜ್ಜಿ ಹೆಣೆಯುತ್ತಿದ್ದ ಉಣ್ಣೆಯನ್ನು ಬಿಟ್ಟು ಚಪ್ಪಾಳೆ ತಟ್ಟಿದಳು.

“ಅವರು ನಿಮ್ಮ ಬಂಧುಗಳೇ?” ಎಂದು ಕೇಳಿದೆ.

“ಅಲ್ಲ. ಹೋದ ತಿಂಗಳು ನಾವು ಅವರನ್ನು ಸೋಲಿಸಿದ್ದೆವು.”

“ಅದಕ್ಕೆ?”

ಅಜ್ಜಿ ನನ್ನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿದಳು. “ಅವರು ಗೆದ್ದಷ್ಟೂ ನಮ್ಮ ಗೆಲುವಿನ ಬೆಲೆ ಏರುತ್ತದಲ್ಲ!”

ಊರಿಗೆ ಊರೇ ವಾಲ್ಟರ್ ಸಾಹೇಬರ ಲೆಕ್ಕ ಕಲಿತಿತ್ತು. ತಾವು ಸೋಲಿಸಿದವರು ಉದ್ಧಾರವಾಗಲಿ ಎಂದು ಹಾರೈಸುವ ಜನರನ್ನು ನಾನು ಅದೇ ಮೊದಲು ನೋಡಿದ್ದು. ನಾವು ಮುಂಡಗೋಡದವರನ್ನು ಹುತುತುವಿನಲ್ಲಿ ಹೊಡೆದ ಮೇಲೆ ಏನು ಹಾರೈಸಿದ್ದೆವು ಎಂದು ನೆನಪಿಸಿಕೊಂಡೆ. ಅವರ ಲಾರಿ ಘಟ್ಟದಲ್ಲಿ ಕೆಡಲಿ ಎಂದು. ಕೆಟ್ಟಿತ್ತು ಕೂಡ; ಪೇಡೆ ಹಂಚಿದ್ದೆವು.

ಕೊನೆಯ ಶನಿವಾರ

ಕೊನೆಯ ಆಟ ನಮ್ಮ ಊರಲ್ಲೇ. ಹೌದು, ಅಷ್ಟೊತ್ತಿಗೆ ‘ನಮ್ಮ ಊರು’ ಆಗಿಹೋಗಿತ್ತು. ಹುಡುಗರು ದೆವ್ವ ಹೊಕ್ಕವರ ಹಾಗೆ ಆಡಿದರು. ಇಪ್ಪತ್ತಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಫ್ರ್ಯಾಂಕ್ ಹಲ್ಲಿನಿಂದ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ನಾನು ಬೆಂಚಿನ ಮೇಲೆ ಹತ್ತಿ ತಲೆಯ ಪಟಕಾ ಬಿಚ್ಚಿ ಗಾಳಿಯಲ್ಲಿ ತಿರುವಿದೆ. ನನ್ನಂಥವನು, ಬೆಂಚು ಮುರಿದೀತೆಂಬ ಚಿಂತೆಯೂ ಇಲ್ಲದೆ!

ಆಮೇಲೆ ಧ್ವನಿವರ್ಧಕದಲ್ಲಿ ಬೇರೆ ಊರುಗಳ ಫಲಿತಾಂಶ ಓದಿದರು. ಹಿಂದೆ ನಾವು ಸೋಲಿಸಿದ್ದ ಎರಡು ಕಾಲೇಜುಗಳು ಅಂದು ಹೀನಾಯವಾಗಿ ಸೋತಿದ್ದವು. ಜನ ‘ಓಹ್’ ಎಂದರು. ವಾಲ್ಟರ್ ಸಾಹೇಬರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮೌನವಾದರು. ನಾನು ಅದನ್ನು ಆನಂದದ ಮೌನ ಎಂದುಕೊಂಡೆ. ಚಳಿಗಾಲವಿಡೀ ಕಲಿತ ಪಾಠ ಪಟಕಾದ ಜೊತೆ ಗಾಳಿಗೆ ಹಾರಿಹೋಗಿತ್ತು. ಗೆದ್ದವರು ಗೆದ್ದರು, ಇನ್ನೇನು?

ರವಿವಾರ

ಮರುದಿನ ವಾಲ್ಟರ್ ಸಾಹೇಬರು ಚರ್ಚಿನಿಂದ ಬಂದು, ಪತ್ರಿಕೆಯಲ್ಲಿದ್ದ ಎಲ್ಲ ಫಲಿತಾಂಶ ಹರವಿಕೊಂಡು ಕೂತರು. ರಜಾಕ್ ಸಾಹೇಬರು ಹಿಡಿಕೆ ಹಿಡಿದರು. ಸಂಜೆಗೆ ಪಟ್ಟಿ ಸಮಿತಿಗೆ ಹೋಗಬೇಕಿತ್ತು. ಎಡ್ನಾ ಅಂಕಿ ಓದುತ್ತೇನೆ ಎಂದಿದ್ದರಿಂದ ನನಗೆ ಕೆಲಸವಿರಲಿಲ್ಲ. ಅಡುಗೆಮನೆಗೆ ಹೋದೆ. ಮೇಲಿನ ಹಲಗೆಯ ಮೇಲೆ ಒಂದು ಡಬ್ಬಿ ಅರ್ಧ ತೆರೆದಿತ್ತು. ಇಣುಕಿದೆ. ರವೆ! ಈ ಜನ ಬೆಳಿಗ್ಗೆ ಹಾಲಲ್ಲಿ ಬೇಯಿಸಿ ಕುಡಿಯುವ ಬಿಳಿ ಗಂಜಿ ರವೆಯದೇ ಎಂದು ನನಗೆ ತಿಳಿದದ್ದು ಆಗ. ಇಷ್ಟು ದಿನ ಬಟಾಟೆ ತಿಂದ ಹೊಟ್ಟೆ ಗೋಳೋ ಎಂದಿತು.

ಬೆಣ್ಣೆ ಕಾಯಿಸಿದೆ. ರವೆ ಹುರಿದೆ. ಸಕ್ಕರೆ, ದ್ರಾಕ್ಷಿ. ಘಮ ಊಟದ ಮೇಜಿನ ತನಕ ಹೋಗಿರಬೇಕು. ರಜಾಕ್ ಸಾಹೇಬರು ಬಾಗಿಲಲ್ಲಿ ತಲೆ ಹಾಕಿದರು.

“ಶಿರಾ ಯಾರಿಗ್ರಿ?”

“ಫ್ರ್ಯಾಂಕ್ ಸಾಹೇಬರ ಮನಿಗೆ. ಗೆದ್ದಾರಲ್ರಿ, ಬಾಯಿ ಸಿಹಿ ಮಾಡೂಣು.”

“ತಡೀರಿ ಈರಣ್ಣಾರ. ಇನ್ನೂ ಸುತ್ತು ಮುಗಿದಿಲ್ಲ.”

“ಇಪ್ಪತ್ತರ ಮ್ಯಾಲೆ ಗೆದ್ದಾರ! ಆರಿದ್ರ ಶಿರಾ ಗಟ್ಟಿ ಆಗ್ತೈತ್ರಿ.”

ಜೀವಮಾನವಿಡೀ ಆಗಬಾರದ್ದನ್ನೆಲ್ಲ ಊಹಿಸಿ ಹೆದರಿದ ನಾನು ಅಂದು ಒಂದು ಕ್ಷಣವೂ ಹೆದರದೆ ಬೆಚ್ಚಗಿನ ಪಾತ್ರೆ ಎತ್ತಿಕೊಂಡು ಬೇಲಿ ದಾಟಿದೆ.

ಫ್ರ್ಯಾಂಕ್ ಅವರ ಮನೆಯಲ್ಲಿ ತಂಡದ ನಾಲ್ಕಾರು ಹುಡುಗರೂ ಕೂತಿದ್ದರು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಪಟ್ಟಿಯ ಸುದ್ದಿಗೆ ಕಾಯುತ್ತಿದ್ದರು. ನಾನು ಬಟ್ಟಲುಗಳಿಗೆ ಬಡಿಸಿದೆ.

“ಇದೇನು?” ಎಂದರು ಫ್ರ್ಯಾಂಕ್.

“ಸಿಹಿ. ನಮ್ಮ ಕಡೆ ಒಳ್ಳೆಯ ಸುದ್ದಿ ಬಂದಾಗ ಕೊಡುತ್ತೇವೆ.”

ಅವರ ಕೈ ನಿಂತಿತು. ತಿಂಗಳುಗಟ್ಟಲೆ ಬೇಲಿಯ ಬಳಿ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಯನ್ನು ಬಹಳ ಮೆಲ್ಲಗೆ ಕೇಳಿದರು. “ವಾಲ್ಟರ್ ಕಳಿಸಿದನೇ?”

ನಾನು ಉತ್ತರ ಹುಡುಕುವುದರೊಳಗೆ ಒಬ್ಬ ಹುಡುಗ ಕುಣಿದೆದ್ದು ಚಾವಣಿಗೆ ತಲೆ ಬಡಿಸಿಕೊಂಡ. ಉಳಿದವರು ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡರು. ಇಲ್ಲ, ಇದು ನನ್ನದೇ ಶಿರಾ, ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಫ್ರ್ಯಾಂಕ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು.

ಬಾಗಿಲು ತೆರೆಯಿತು. ವಾಲ್ಟರ್ ಸಾಹೇಬರು, ಹಿಂದೆ ರಜಾಕ್ ಸಾಹೇಬರು. ಪತ್ರಿಕೆಯವರಿಗೂ ಸಮಿತಿಗೂ ಹೇಳುವ ಮೊದಲು ಗೆಳೆಯನಿಗೆ ತಾವೇ ಬಂದು ಹೇಳಬೇಕು ಎಂದು ಬಂದಿದ್ದರು. ಬಟ್ಟಲುಗಳನ್ನು ನೋಡಿದರು. ನನ್ನನ್ನು ನೋಡಿದರು. ಅವರಿಗೆ ಏನೂ ಅರ್ಥವಾಗಲಿಲ್ಲ.

“ಒಂಬತ್ತು, ಫ್ರ್ಯಾಂಕ್,” ಎಂದರು.

ಚಮಚಗಳ ಸದ್ದು ನಿಂತಿತು. ನನಗೆ ಹಳಿಯಾಳದ ಹುತುತು ಪಂದ್ಯ ಮುಗಿದ ಸಂಜೆ ನೆನಪಾಯಿತು. ತೀರ್ಪು ಕೊಟ್ಟ ಪಂಚರನ್ನು ಹಿತ್ತಲ ಬಾಗಿಲಿನಿಂದ ಕಂಬಳಿ ಹೊದಿಸಿ ಸಾಗಿಸಿದ್ದರು. ಈ ಮನೆಯ ಹಿತ್ತಲ ಬಾಗಿಲು ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದೆ.

“ಎಷ್ಟರಿಂದ?” ಎಂದರು ಫ್ರ್ಯಾಂಕ್.

“ಕೂದಲೆಳೆಯಷ್ಟರಿಂದ. ಮೂರು ಸಲ ಸುತ್ತಿಸಿ ನೋಡಿದೆ.”

“ಎಂಟನೆಯವರು?”

ವಾಲ್ಟರ್ ಸಾಹೇಬರು ಹೊಳೆಯ ಮೇಲ್ಗಡೆಯ ಒಂದು ಕಾಲೇಜಿನ ಹೆಸರು ಹೇಳಿದರು. ಫ್ರ್ಯಾಂಕ್ ಬಟ್ಟಲನ್ನು ಕೆಳಗಿಟ್ಟರು. “ಜನವರಿಯಲ್ಲಿ ನಾವು ಅವರನ್ನು ಸೋಲಿಸಿದ್ದೆವಲ್ಲ?”

“ಹೌದು.”

“ಹಾಗಾದರೆ ಶುಕ್ರವಾರ ಪಂದ್ಯಾವಳಿಯಲ್ಲಿ ಅವರು ಗೆಲ್ಲಲಿ.” ಹುಡುಗರ ಕಡೆ ತಿರುಗಿದರು. “ಇಲ್ಲೇ ಕೂತು ರೇಡಿಯೋ ಕೇಳೋಣ. ಜೋರಾಗಿ ಕೂಗಬೇಕು, ಗೊತ್ತಾಯಿತೇ?”

ತಲೆ ಬಡಿಸಿಕೊಂಡಿದ್ದ ಹುಡುಗ ಅಳುತ್ತಲೇ ಹೂಂ ಎಂದ. ಆಟವೆಲ್ಲ ಮುಗಿದಿದೆ, ಇನ್ನು ಅವರು ಗೆದ್ದರೆ ಇವರಿಗೆ ಏನು ಬರುತ್ತದೆ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನು ನಿಂತ ಹೊಳೆಯನ್ನು ನೋಡಿ ಬೆರಗಾಗಿದ್ದೆ; ಈ ಮನುಷ್ಯನನ್ನು ನೋಡಿ ಆದದ್ದಕ್ಕೆ ನನ್ನ ಬಳಿ ಶಬ್ದವಿಲ್ಲ. ಫ್ರ್ಯಾಂಕ್ ವಾಲ್ಟರ್ ಸಾಹೇಬರಿಗೆ ಕುರ್ಚಿ ಎಳೆದು ಕೊಟ್ಟು, ಅವರ ಕೈಗೂ ಒಂದು ಬಟ್ಟಲು ಇಟ್ಟು, ತಮ್ಮ ಬಟ್ಟಲಲ್ಲಿ ಉಳಿದದ್ದನ್ನು ತಿನ್ನತೊಡಗಿದರು. ಹುಡುಗರೂ ತಿಂದರು. ಅದು ಮದುವೆಯ ಊಟದಂತೆ ಅಲ್ಲ, ತಿಥಿಯ ಊಟದಂತೆಯೂ ಅಲ್ಲ. ಎರಡರ ನಡುವಿನದೊಂದು ಊಟ, ನಮ್ಮಲ್ಲಿ ಅದಕ್ಕೆ ಹೆಸರಿಲ್ಲ.

ಖಾಲಿ ಪಾತ್ರೆ ಹಿಡಿದು ಹೊರಗೆ ಬಂದೆ. ಬೇಲಿಯ ಬಳಿ ರಜಾಕ್ ಸಾಹೇಬರು ಕಾಯುತ್ತಿದ್ದರು.

“ನೀವು ಹೆದರಿದ್ದು ಒಂದೂ ಆಗ್ಲಿಲ್ಲ ನೋಡ್ರಿ ಈರಣ್ಣಾರ,” ಎಂದರು. “ಹೆದರಬೇಕಾದದ್ದು ಒಂದ ಇತ್ತು. ಅದಕ್ಕ ನೀವು ಬೆಣ್ಣಿ ಹಾಕಿ, ದ್ರಾಕ್ಷಿ ಹಾಕಿ ತಿರುವಿದ್ರಿ.”

ಒಂದು ತಾಸು. ಒಂದು ತಾಸು ತಡೆದಿದ್ದರೆ ಆ ಶಿರಾ ನಾವಿಬ್ಬರೇ ಕೂತು ತಿನ್ನುತ್ತಿದ್ದೆವು.